ಸಂದೇಹದ ಕೊಲ್ಲಿ

1770ರ ಮಾರ್ಚ್ ತಿಂಗಳು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನೈಋತ್ಯ ಕರಾವಳಿಯಲ್ಲಿ ಒಂದು ಇಂಗ್ಲಿಷ್ ಹಡಗು ಸಾಗುತ್ತಿದ್ದಿತು. ಅದರ ನಾಯಕನು ಜೇಮ್ಸ್ ಕುಕ್. ಕೋಟೆಯಂತೆ ನಿಂತ ಪರ್ವತಗಳ ನಡುವೆ ಒಂದೆಡೆ ಕಡಲು ಒಳಹೊಕ್ಕಿರುವುದು ಕಾಣಿಸಿತು. ಹಡಗಿನಲ್ಲಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸನಿಗೆ ಅಲ್ಲಿ ಇಳಿಯುವ ಹಂಬಲ. ಕುಕ್ ಒಪ್ಪಲಿಲ್ಲ. ಒಳಹೋಗುವುದು ಸುಲಭ, ಆದರೆ ಮರಳಿ ಬರಲು ಬೇಕಾದ ಮೂಡಣ ಗಾಳಿ ಅಲ್ಲಿ ಅಪರೂಪವೆಂದು ಅವನು ಶಂಕಿಸಿದನು. ‘ಸಂದೇಹದ ಬಂದರು’ ಎಂಬ ಅರ್ಥದ ಹೆಸರನ್ನು ಅದಕ್ಕಿಟ್ಟು ಮುಂದೆ ಸಾಗಿದನು. ಇಂದು ಅದು ಡೌಟ್‌ಫುಲ್ ಸೌಂಡ್ ಎಂದು ಪ್ರಸಿದ್ಧವಾಗಿದೆ. ಇಲ್ಲಿ ಸೌಂಡ್ ಎಂದರೆ ಶಬ್ದವಲ್ಲ, ಕಡಲಿನ ಕೊಲ್ಲಿ.

ಆ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನರ ಐತಿಹ್ಯದಂತೆ, ದೈವಾಂಶದ ಶಿಲ್ಪಿಯೊಬ್ಬನು ಬಾಚಿಯಿಂದ ಬಂಡೆಗಳನ್ನು ಕಡಿದು ಈ ಕೊಲ್ಲಿಗಳನ್ನು ನಿರ್ಮಿಸಿದನು. ವಿಜ್ಞಾನಿಗಳು ಹೇಳುವ ಶಿಲ್ಪಿಯ ಹೆಸರು ಹಿಮನದಿ. ಹಿಮಯುಗದಲ್ಲಿ ಮಂಜುಗಡ್ಡೆಯ ಮಹಾರಾಶಿಗಳು ಮೆಲ್ಲಮೆಲ್ಲನೆ ಜಾರುತ್ತ, ತಮ್ಮೊಡನೆ ಸೆಳೆದೊಯ್ದ ಕಲ್ಲುಗಳಿಂದ ಕಣಿವೆಯ ತಳವನ್ನೂ ಬದಿಗಳನ್ನೂ ಉಜ್ಜಿ ಸವೆಸಿದವು. ಹಿಮ ಕರಗಿ ಸಮುದ್ರದ ಮಟ್ಟ ಏರಿದಾಗ ಕಡಲ ನೀರು ಆ ಕಣಿವೆಗಳನ್ನು ತುಂಬಿತು. ಇಂತಹ ಕೊಲ್ಲಿಗೆ ಫಿಯೋರ್ಡ್ ಎಂದು ಹೆಸರು. ಡೌಟ್‌ಫುಲ್ ಸೌಂಡ್ ಸುಮಾರು 40 ಕಿಲೋಮೀಟರು ಉದ್ದವಾಗಿದೆ. ಅದರ ಅತಿ ಹೆಚ್ಚಿನ ಆಳ 400 ಮೀಟರಿಗೂ ಮಿಗಿಲು.

ಅಲ್ಲಿಗೆ ಹೋಗುವುದು ಇಂದಿಗೂ ಸುಲಭವಲ್ಲ. ಮೊದಲು ಮಾನಪೌರಿ ಎಂಬ ವಿಶಾಲ ಸರೋವರವನ್ನು ದೋಣಿಯಲ್ಲಿ ದಾಟಬೇಕು. ಬಳಿಕ ವಿಲ್ಮಟ್ ಎಂಬ ಕಣಿವೆದಾರಿಯನ್ನೇರಿ, ದಟ್ಟವಾದ ಕಾಡಿನ ನಡುವೆ ಇಳಿಯಬೇಕು. ಈ ರಸ್ತೆಗೆ ಬೇರಾವ ರಸ್ತೆಯ ಸಂಪರ್ಕವೂ ಇಲ್ಲ. ಅದರ ಕೊನೆಯಲ್ಲಿ ಮತ್ತೆ ದೋಣಿ.

ದೋಣಿಯು ಮುಂದುವರಿದಂತೆ ಎರಡೂ ಕಡೆ ಬಂಡೆಗಳು ನೀರಿನಿಂದ ನೆಟ್ಟನೆ ಮೇಲೇಳುತ್ತವೆ. ಬಂಡೆಯ ಮೇಲೆ ಮಣ್ಣು ಬಹಳ ತೆಳು. ಪಾಚಿಯನ್ನೂ ಒಂದರ ಬೇರನ್ನೊಂದನ್ನೂ ಹಿಡಿದು ಮರಗಳು ನಿಂತಿವೆ. ಒಂದು ಮರ ಜಾರಿದರೆ ಕೆಳಗಿನ ಮರಗಳೂ ಅದರೊಡನೆ ಕಡಲಿಗೆ ಉರುಳುತ್ತವೆ. ಮಳೆ ಬಂದಾಗ ನೂರಾರು ಜಲಪಾತಗಳು ಒಮ್ಮೆಲೇ ಹುಟ್ಟಿಕೊಳ್ಳುತ್ತವೆ. ಕಾಡಿನಿಂದ ಹರಿದು ಬಂದ ಸಿಹಿನೀರು ಚಹದ ಬಣ್ಣವನ್ನು ತಾಳಿ, ಉಪ್ಪುನೀರಿನ ಮೇಲೆ ಪದರವಾಗಿ ನಿಲ್ಲುತ್ತದೆ. ಅದು ಬಿಸಿಲನ್ನು ತಡೆಯುವುದರಿಂದ, ಆಳವಾದ ಕಡಲಿನ ಕತ್ತಲಲ್ಲಿ ಬಾಳುವ ಕರಿಹವಳವು ಇಲ್ಲಿ ಮೇಲ್ಮಟ್ಟಕ್ಕೆ ಸಮೀಪದಲ್ಲಿಯೇ ಬೆಳೆಯುತ್ತದೆ. ಡಾಲ್ಫಿನ್‌ಗಳ ಒಂದು ಸಣ್ಣ ಸಮುದಾಯವೂ ಇಲ್ಲಿ ನೆಲೆಸಿದೆ.

ಒಂದೆಡೆ ಚಾಲಕನು ಯಂತ್ರವನ್ನು ನಿಲ್ಲಿಸುತ್ತಾನೆ. ಯಾರೂ ಮಾತನಾಡುವುದಿಲ್ಲ. ದೂರದ ನೀರಿನ ಸದ್ದು, ಒಂದು ಹಕ್ಕಿಯ ಕೂಗು, ಉಳಿದದ್ದೆಲ್ಲ ಮೌನ.

ಈ ಮೌನ ತಾನಾಗಿ ಉಳಿದುಬಂದುದಲ್ಲ. ನಾವು ದಾಟಿ ಬಂದ ರಸ್ತೆಯನ್ನು ನಿರ್ಮಿಸಿದ್ದು ಪ್ರವಾಸಿಗರಿಗಾಗಿ ಅಲ್ಲ, 1960ರ ದಶಕದ ಒಂದು ಜಲವಿದ್ಯುತ್ ಯೋಜನೆಗಾಗಿ. ಮಾನಪೌರಿಯ ನೀರು ನೆಲದಡಿಯ ವಿದ್ಯುದಾಗಾರದಲ್ಲಿ ಚಕ್ರಗಳನ್ನು ತಿರುಗಿಸಿ, ಸುರಂಗದ ಮೂಲಕ ಈ ಕೊಲ್ಲಿಗೆ ಬಂದು ಬೀಳುತ್ತದೆ. ಹೆಚ್ಚು ವಿದ್ಯುತ್ತಿಗಾಗಿ ಸರೋವರದ ಮಟ್ಟವನ್ನೇ ಏರಿಸಬೇಕೆಂದು ಆಗ ಸರಕಾರವು ಯೋಚಿಸಿತ್ತು. ಹಾಗಾಗಿದ್ದರೆ ದಡದ ಕಾಡುಗಳು ಮುಳುಗುತ್ತಿದ್ದವು. ಜನರು ಇದನ್ನು ವಿರೋಧಿಸಿದರು. 1970ರಲ್ಲಿ 2,64,907 ಮಂದಿ ಸಹಿ ಹಾಕಿದ ಮನವಿಯನ್ನು ಸಂಸತ್ತಿಗೆ ಸಲ್ಲಿಸಲಾಯಿತು. ಆಗ ಆ ದೇಶದ ಜನಸಂಖ್ಯೆ ಮೂವತ್ತು ಲಕ್ಷವೂ ಇರಲಿಲ್ಲ. 1972ರ ಚುನಾವಣೆಯ ಬಳಿಕ ಬಂದ ಹೊಸ ಸರಕಾರವು ಸರೋವರದ ಮಟ್ಟವನ್ನು ಏರಿಸದಿರಲು ನಿರ್ಧರಿಸಿತು. ವಿದ್ಯುದಾಗಾರವೂ ಉಳಿಯಿತು, ಸರೋವರದ ದಡವೂ ಉಳಿಯಿತು.

ಮುಂದೆ ಸಾಗುವುದಕ್ಕೆ ಧೈರ್ಯ ಬೇಕು. ಎಲ್ಲಿ ನಿಲ್ಲಬೇಕೆಂದು ಅರಿಯುವುದಕ್ಕೆ ವಿವೇಕ ಬೇಕು. ಕೊಲ್ಲಿಯ ಬಾಯಿಯಲ್ಲಿ ಕುಕ್ ತನ್ನ ಹಡಗನ್ನು ತಡೆದನು. ಇನ್ನೂರು ವರುಷಗಳ ಬಳಿಕ ಆ ನಾಡಿನ ಜನರು ಏರಲಿದ್ದ ನೀರನ್ನು ತಡೆದರು.

ಪದಗಳ ಅರ್ಥ
ಐತಿಹ್ಯ – ಪರಂಪರೆಯಿಂದ ಬಂದ ಕಥೆ. ಬಾಚಿ – ಮರ ಕೆತ್ತುವ ಉಪಕರಣ. ಹಿಮನದಿ – ನಿಧಾನವಾಗಿ ಜಾರುವ ಮಂಜುಗಡ್ಡೆಯ ರಾಶಿ.

ಅಭ್ಯಾಸ
1. ಕುಕ್ ಕೊಲ್ಲಿಯೊಳಗೆ ಹೋಗಲು ಏಕೆ ಒಪ್ಪಲಿಲ್ಲ?
2. ಫಿಯೋರ್ಡ್ ಹೇಗೆ ಉಂಟಾಗುತ್ತದೆ?
3. ‘ಈ ಮೌನ ತಾನಾಗಿ ಉಳಿದುಬಂದುದಲ್ಲ’ – ಈ ಮಾತನ್ನು ವಿವರಿಸಿರಿ.