ಕಾಣದ ಗಾಳಿಯನ್ನು ಹಿಡಿಯುವುದು: ಲ್ಯಾಬ್‌ಗೆ ಹೊಸಬರಾದವರಿಗೆ, ಹಂತ ಹಂತವಾಗಿ

ಅನಗವಾಡಿಯಿಂದ ಮುಧೋಳದ ಕಡೆಗೆ ಘಟಪ್ರಭೆಯ ದಂಡೆಗುಂಟ ಹೋದರೆ ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆ, ಹಿತ್ತಿಲ ಗೋಬರ್ ಗ್ಯಾಸ್ ಗುಂಡಿ, ಹಾಳುಬಾವಿ. ಇಂಥ ಗುಂಡಿಗೋ ಬಾವಿಗೋ ಇಳಿದವರು ಮೇಲೆ ಬರಲಿಲ್ಲವೆಂದರೆ, ಏಕೆ ಎಂದು ಹೇಳಬೇಕಾದ್ದು ಬೆಳಗಾವಿಯ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯದಂಥ ಲ್ಯಾಬ್. ಅಂಥ ಕೆಲಸಕ್ಕೆ ನೀವು ಹೊಸಬರೇ? ಭಯಪಡಬೇಡಿ. ಒಂದೊಂದೇ ಹೆಜ್ಜೆ ಇಡೋಣ.

ಹಂತ 1: ಗುಂಡಿಯ ಹೊರಗೇ ನಿಲ್ಲಿ. ಅಗ್ನಿಶಾಮಕದವರ ನೆರವಿನಿಂದ ಗ್ಯಾಸ್ ಮೀಟರನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಿ. ಮೇಲೆ, ನಡುವೆ, ತಳದಲ್ಲಿ ಮೂರು ಸಲ ಅಂಕಿ ನೋಡಿ, ಗಂಟೆಯ ಸಮೇತ ಬರೆದುಕೊಳ್ಳಿ. ಗಾಳಿಯಲ್ಲಿ ಆಮ್ಲಜನಕ ಶೇ. 20.9 ಇರಬೇಕು, 19.5ಕ್ಕಿಂತ ಇಳಿದರೆ ಅಪಾಯ.

ಎಚ್ಚರ: ಮೂಗನ್ನು ನಂಬಬೇಡಿ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದೆ ನಿಜ, ಆದರೆ 100 ಪಿಪಿಎಂ ಆಸುಪಾಸಿನಲ್ಲಿ ಮೂಗೇ ಮರಗಟ್ಟುತ್ತದೆ. ವಾಸನೆ ನಿಂತಿತೆಂದು ಇಳಿದವರೇ ಎರಡನೆಯ ಹೆಣವಾಗುತ್ತಾರೆ.

ಹಂತ 2: ಮೇಲೆತ್ತಿದ ಮೃತದೇಹದ ಮೇಲಿನ ಬೆಳ್ಳಿ ನೋಡಿ. ಉಡದಾರ, ಕಾಲುಂಗುರ ಕಪ್ಪಾಗಿವೆಯೇ? ಫೋಟೊ ತೆಗೆಯಿರಿ. ಹೈಡ್ರೋಜನ್ ಸಲ್ಫೈಡ್ ತಾಗಿದ ಬೆಳ್ಳಿ ಕಪ್ಪಾಗುತ್ತದೆ. ಇದು ಸುಳಿವು ಮಾತ್ರ, ಪುರಾವೆಯಲ್ಲ.

ಹಂತ 3: ಶವಪರೀಕ್ಷೆಯಲ್ಲಿ ವೈದ್ಯರು ತೊಡೆಯ ರಕ್ತನಾಳದಿಂದ ತೆಗೆದ ರಕ್ತವನ್ನು ಸೋಡಿಯಂ ಫ್ಲೋರೈಡ್ ಇರುವ ಸೀಸೆಗೆ ಕಂಠಮಟ್ಟ ತುಂಬಿಸಿ. ಹೊಸಬರು ಎಡವುವುದು ಇಲ್ಲೇ: ಅರ್ಧ ಸೀಸೆ ಖಾಲಿ ಬಿಟ್ಟರೆ ರಕ್ತದಲ್ಲಿದ್ದ ಅನಿಲ ಆ ಜಾಗಕ್ಕೆ ಜಾರಿಕೊಳ್ಳುತ್ತದೆ. ಮುಚ್ಚಳ ಬಿಗಿಮಾಡಿ 4 ಡಿಗ್ರಿಯಲ್ಲಿಡಿ.

ಹಂತ 4: ಲ್ಯಾಬ್‌ನಲ್ಲಿ ತೆರೆಯುವ ಮುನ್ನ ಸೀಲು, ನಂಬರು, ಪೊಲೀಸರ ಪತ್ರ ಮೂರನ್ನೂ ತಾಳೆ ನೋಡಿ.

ಹಂತ 5: ಕಾರ್ಬನ್ ಮಾನಾಕ್ಸೈಡ್ ಸಂಶಯವಿದ್ದರೆ ಎರಡು ಟೆಸ್ಟ್‌ಟ್ಯೂಬ್ ತೆಗೆದುಕೊಳ್ಳಿ. ಒಂದರಲ್ಲಿ ಪ್ರಕರಣದ ರಕ್ತ, ಇನ್ನೊಂದರಲ್ಲಿ ಸಾಮಾನ್ಯ ರಕ್ತ. ಎರಡಕ್ಕೂ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ. ಸಾಮಾನ್ಯ ರಕ್ತ ಕಂದು-ಹಸಿರಾಗುತ್ತದೆ. ಮಾನಾಕ್ಸೈಡ್ ಕುಡಿದ ರಕ್ತ ಕೆಂಪಗೇ ಉಳಿಯುತ್ತದೆ. ಮೊದಲ ಸಲ ನೋಡುವಾಗ ಆ ಕೆಂಪು ಮನಸ್ಸಿನಿಂದ ಹೋಗುವುದಿಲ್ಲ.

ಹಂತ 6: ಈಗ ಸ್ಪೆಕ್ಟ್ರೋಫೋಟೋಮೀಟರ್. ರಕ್ತವನ್ನು ತೆಳುಮಾಡಿ, ಚಿಟಿಕೆ ಸೋಡಿಯಂ ಡೈಥಯೊನೈಟ್ ಬೆರೆಸಿ. ಸಾಮಾನ್ಯ ರಕ್ತ ಬೆಳಕು ಹೀರುವ ಎರಡು ಉಬ್ಬುಗಳು 555 ನ್ಯಾನೋಮೀಟರ್ ಬಳಿ ಒಂದಾಗುತ್ತವೆ. ಮಾನಾಕ್ಸೈಡ್ ಇದ್ದರೆ 540ರ ಬಳಿ ಒಂದು, 570ರ ಆಸುಪಾಸು ಒಂದು ಹಾಗೇ ನಿಲ್ಲುತ್ತವೆ. ಡೈಥಯೊನೈಟ್ ಗಾಳಿಯ ತೇವಕ್ಕೇ ಕೆಡುವ ಪುಡಿ. ಹಳೆಯ ಡಬ್ಬಿ ಬಳಸಬೇಡಿ. ಬೀಡಿ-ಸಿಗರೇಟು ಸೇದುವವರಲ್ಲಿ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ ಶೇ. 10ರವರೆಗೆ ಕಾಣಬಹುದು, 50 ದಾಟಿದರೆ ಸಾವಿಗೆ ಸಾಮಾನ್ಯವಾಗಿ ಅದೇ ಕಾರಣ.

ಹಂತ 7: ಹೈಡ್ರೋಜನ್ ಸಲ್ಫೈಡ್‌ಗೆ ಬೇರೆ ದಾರಿ. ಕೊಳೆಯುವ ದೇಹ ತಾನೇ ಸಲ್ಫೈಡ್ ಹುಟ್ಟಿಸುತ್ತದೆ, ಅದೊಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ರಕ್ತದ ಜೊತೆ ಮೂತ್ರವನ್ನೂ ತರಿಸಿ, ಎರಡರಲ್ಲೂ ಥಯೋಸಲ್ಫೇಟ್ ಹುಡುಕಿ. ಸಿಕ್ಕಿದ್ದನ್ನು ಜಿಸಿ-ಎಂಎಸ್ ಯಂತ್ರದಲ್ಲಿ ಖಚಿತಪಡಿಸಿಕೊಳ್ಳಿ.

ಹಂತ 8: ವರದಿಯಲ್ಲಿ ಕಂಡದ್ದನ್ನಷ್ಟೇ ಬರೆಯಿರಿ. ಏನೂ ಸಿಗದಿದ್ದರೆ "ವಿಷಾನಿಲ ಇರಲಿಲ್ಲ" ಎನ್ನಬೇಡಿ, "ಪತ್ತೆಯಾಗಲಿಲ್ಲ" ಎನ್ನಿ. ಆಮ್ಲಜನಕವಿಲ್ಲದೆ ಹೋದ ಜೀವ ರಕ್ತದಲ್ಲಿ ತನ್ನದೇ ಗುರುತು ಬಿಡುವುದಿಲ್ಲ. ಅಂಥ ಪ್ರಕರಣದಲ್ಲಿ ಕೋರ್ಟಿನ ಮುಂದಿಡಲು ಉಳಿಯುವ ಬಲವಾದ ಸಾಕ್ಷಿ, ಗುಂಡಿಯ ಅಂಚಿನಲ್ಲಿ ನಿಂತು ನೀವು ಬರೆದುಕೊಂಡ ಆ ಮೂರು ಅಂಕಿಗಳು.