ಮಿದುಳಿನ ಒಳದಾರಿಗಳು ಮತ್ತು ಮುಪ್ಪು

ಮನುಷ್ಯನ ಮಿದುಳು ಶರೀರದ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು ಮಾತ್ರ. ಆದರೆ ಶರೀರವು ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಪಾಲು ಅದಕ್ಕೇ ಬೇಕು. ಅದನ್ನು ಒಯ್ಯುವ ಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತವು ಅಡ್ಡವಾದರೆ ಕೈಕಾಲು ಸೋಲುತ್ತವೆ, ಮಾತು ತೊದಲುತ್ತದೆ. ಲಕ್ವ ಹೊಡೆಯುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಆದರೆ ಅದೇ ಧಮನಿ ಮುಚ್ಚಿದ ಇಬ್ಬರಲ್ಲಿ ಒಬ್ಬನು ಚೇತರಿಸಿಕೊಂಡು, ಮತ್ತೊಬ್ಬನು ಹಾಸಿಗೆ ಹಿಡಿಯುವುದುಂಟು. ಇದೇಕೆ?

2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಪಟ್ಟದಕಲ್ಲು ಜಲಾವೃತವಾಯಿತು. ಅಂಥ ಸಮಯದಲ್ಲಿ ಬಾದಾಮಿಯಿಂದ ಹುನಗುಂದಕ್ಕೆ ಹೋಗಬೇಕಾದವನು ಗುಳೇದಗುಡ್ಡ, ಕಮತಗಿಗಳ ದಾರಿಯನ್ನು ಹುಡುಕುತ್ತಾನೆ. ಮಿದುಳಿನಲ್ಲಿಯೂ ಇಂಥ ಒಳದಾರಿಗಳಿವೆ. ಅದರ ತಳದಲ್ಲಿ ಧಮನಿಗಳು ಬಳೆಯಂತೆ ಕೂಡಿಕೊಂಡಿವೆ. ಇದನ್ನು 1664ರಲ್ಲಿ ವಿವರಿಸಿದ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸನ ಹೆಸರು ಅದಕ್ಕೆ ನಿಂತಿದೆ. ಮಿದುಳಿನ ಮೇಲ್ಮೈಯಲ್ಲಿ ಇನ್ನೂ ಸೂಕ್ಷ್ಮವಾದ ನಾಳಗಳು ಒಂದು ಧಮನಿಯ ಕವಲುಗಳನ್ನು ಮತ್ತೊಂದರ ಕವಲುಗಳಿಗೆ ಜೋಡಿಸುತ್ತವೆ.

ಧಮನಿಯು ಮುಚ್ಚಿದೊಡನೆ ಅದರ ಆಚೆ ಒತ್ತಡವು ಇಳಿಯುತ್ತದೆ. ಒತ್ತಡ ಹೆಚ್ಚಿರುವ ನೆರೆಯ ಧಮನಿಯಿಂದ ರಕ್ತವು ಈ ಸೂಕ್ಷ್ಮನಾಳಗಳ ಮೂಲಕ ನುಗ್ಗುತ್ತದೆ. ಪ್ರವಾಹದ ಉಜ್ಜುವಿಕೆಯಿಂದ ನಾಳದ ಒಳಗೋಡೆಯು ನೈಟ್ರಿಕ್ ಆಕ್ಸೈಡನ್ನು ಸ್ರವಿಸಿ ನಾಳವನ್ನು ಹಿಗ್ಗಿಸುತ್ತದೆ. ಮುಂದಿನ ದಿನಗಳಲ್ಲಿ ಗೋಡೆಯೇ ಬೆಳೆದು ದಾರಿ ಅಗಲವಾಗುತ್ತದೆ.

ವಯಸ್ಸಾದಂತೆ ಈ ಏರ್ಪಾಡು ಸಡಿಲವಾಗುತ್ತದೆ. ಮುದಿ ಇಲಿಗಳಲ್ಲಿ ಒಳದಾರಿಗಳ ಸಂಖ್ಯೆ ಕುಗ್ಗಿ, ಉಳಿದವು ಕಿರಿದಾಗಿ ಹೆಚ್ಚು ಡೊಂಕಾಗುವುದನ್ನು ಅಮೆರಿಕದ ಸಂಶೋಧಕರು 2011ರಲ್ಲಿ ಪ್ರಕಟಿಸಿದರು. ಒಳಗೋಡೆಯ ಸ್ರಾವವೂ ಮುಪ್ಪಿನಲ್ಲಿ ಕುಂದುತ್ತದೆ.

ಸ್ವಲ್ಪ ಕಿರಿದಾದರೆ ಏನು ನಷ್ಟ ಎನ್ನಬಹುದು. ಇದಕ್ಕೆ ಭೌತಶಾಸ್ತ್ರವು ಉತ್ತರ ಕೊಡುತ್ತದೆ. ಫ್ರಾನ್ಸಿನ ಪ್ವಾಸ್ಯೂಯಿ ಸುಮಾರು 1840ರಲ್ಲಿ ಕಂಡುಕೊಂಡ ನಿಯಮದಂತೆ, ಒತ್ತಡ ಮತ್ತು ಉದ್ದ ಬದಲಾಗದಿದ್ದರೆ, ಹರಿವು ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ತ್ರಿಜ್ಯವು ಹತ್ತರಲ್ಲಿ ಒಂದು ಪಾಲು ಕುಗ್ಗಿದರೆ 0.9 × 0.9 × 0.9 × 0.9, ಅಂದರೆ ಸುಮಾರು 0.66, ಮೂರರಲ್ಲಿ ಒಂದು ಪಾಲು ರಕ್ತ ನಷ್ಟ! ಅರ್ಧಕ್ಕಿಳಿದರೆ ಉಳಿಯುವುದು ಹದಿನಾರರಲ್ಲಿ ಒಂದೇ ಪಾಲು. ಡೊಂಕಿನಿಂದ ಉದ್ದ ಹೆಚ್ಚಿದರೆ ಹರಿವು ಇನ್ನೂ ತಗ್ಗುತ್ತದೆ.

ಆದರೂ ನಿರಾಶೆ ಬೇಡ. ಚಕ್ರದಲ್ಲಿ ಓಡುವ ವ್ಯಾಯಾಮ ದೊರೆತ ಇಲಿಗಳಲ್ಲಿ ಈ ನಷ್ಟವು ತಗ್ಗಿದುದು 2017ರಲ್ಲಿ ವರದಿಯಾಯಿತು. ಮನುಷ್ಯರಲ್ಲಿಯೂ ನಡಿಗೆ, ರಕ್ತದೊತ್ತಡದ ಹತೋಟಿ, ತಂಬಾಕು ತ್ಯಾಗ ಇವು ಲಕ್ವದ ಅಪಾಯವನ್ನು ತಗ್ಗಿಸುತ್ತವೆ.

ಒಳದಾರಿಗಳು ಮಿದುಳಿಗೆ ಕೊಡುವುದು ಕೊಂಚ ಕಾಲಾವಕಾಶವನ್ನು ಮಾತ್ರ; ವೃದ್ಧರಲ್ಲಿ ಅದೂ ಕಡಮೆ. ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕು. ಆದುದರಿಂದ ಅಜ್ಜನ ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಬೆಳಗಾಗಲಿ ಎಂದು ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.