ಅಸಲು ಮುಟ್ಟದೆ ಮೊಮ್ಮಗನನ್ನು ನೋಡಿಕೊಳ್ಳುವುದು

ಮೊಮ್ಮಗನಿಗೆ ಸಿಸ್ಟಿಕ್ ಫೈಬ್ರೋಸಿಸ್ ಎಂದು ಗೊತ್ತಾದಾಗ ನೆಂಟರಿಷ್ಟರಿಂದ ಬಂದ ಸಲಹೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. ಅಜ್ಜಿ ಎಫ್‌ಡಿ ಮುರಿಯಲಿ, ಶಿವಮೊಗ್ಗದ ಮನೆ ಮಾರಲಿ, ಈ ವಯಸ್ಸಿನಲ್ಲಿ ಒಡವೆ ಇಟ್ಟುಕೊಂಡು ಮಾಡುವುದಾದರೂ ಏನು? ಹೇಳಿದವರೆಲ್ಲ ಮಗುವಿನ ಒಳ್ಳೆಯದನ್ನೇ ಬಯಸಿದವರು. ಆದರೆ ಅವರ ತಲೆಯಲ್ಲಿದ್ದದ್ದು ಆಪರೇಷನ್ನಿನ ಲೆಕ್ಕ: ಒಮ್ಮೆ ದೊಡ್ಡ ಮೊತ್ತ ಕಟ್ಟಿ, ಮಗುವನ್ನು ಮನೆಗೆ ಕರೆತಂದು, ದೇವರಿಗೆ ಕೈಮುಗಿದು ಮುಗಿಸುವಂಥದ್ದು. ಈ ಕಾಯಿಲೆಗೆ ಅಂಥ ಕೊನೆಯ ಕಂತು ಇಲ್ಲ. ಪ್ರತಿ ಊಟಕ್ಕೂ ಔಷಧ, ಪ್ರತಿ ದಿನವೂ ನೆಬ್ಯುಲೈಸರ್, ಅದೂ ಜೀವನಪೂರ್ತಿ.

ಇದನ್ನು ಬರೆಯುತ್ತಿರುವ ಅಜ್ಜಿ ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು. ಈಗ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದು ಎರಡು ವರ್ಷ ದಾಟಿದ ಮೊಮ್ಮಗನನ್ನು ನೋಡಿಕೊಳ್ಳುತ್ತಾಳೆ. ಆಕೆ ಅಸಲು ಮುಟ್ಟಲಿಲ್ಲ.

ಕಾಯಿಲೆಯ ಮೂಲ ಏಳನೆಯ ಕ್ರೋಮೋಸೋಮಿನಲ್ಲಿರುವ ಸಿಎಫ್‌ಟಿಆರ್ ಎಂಬ ವಂಶವಾಹಿ. ವಿಜ್ಞಾನಿಗಳು ಅದನ್ನು ಪತ್ತೆ ಮಾಡಿದ್ದು 1989ರಲ್ಲಿ. ಜೀವಕೋಶದ ಪೊರೆಯ ಮೂಲಕ ಕ್ಲೋರೈಡ್ ಹಾದುಹೋಗಲು ಬೇಕಾದ ಪ್ರೋಟೀನು ಈ ವಂಶವಾಹಿಯಿಂದ ರೂಪುಗೊಳ್ಳುತ್ತದೆ. ಅದು ಕೆಟ್ಟರೆ ಎದೆಯೊಳಗಿನ ಕಫ ಅಂಟಂಟಾಗಿ ಗಟ್ಟಿಯಾಗುತ್ತದೆ. ಮೇದೋಜ್ಜೀರಕ ಗ್ರಂಥಿಯ ನಾಳಗಳು ಕಟ್ಟಿಕೊಂಡು ಜೀರ್ಣರಸ ಕರುಳಿಗೆ ಇಳಿಯುವುದಿಲ್ಲ. ಬೆವರಿನಲ್ಲಿ ಉಪ್ಪು ಸೋರಿಹೋಗುತ್ತದೆ. ಇಂಥ ಮಗುವಿನ ಹಣೆಗೆ ಮುತ್ತಿಟ್ಟರೆ ತುಟಿಗೆ ಉಪ್ಪು ಹತ್ತುತ್ತದೆ. ಇದು ಬಿಳಿಯರ ಕಾಯಿಲೆ ಎಂಬ ನಂಬಿಕೆ ಬಹುಕಾಲ ಉಳಿದಿದ್ದರಿಂದ ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಆಸ್ತಮಾ, ಕ್ಷಯ, ಪದೇಪದೇ ಬರುವ ನ್ಯುಮೋನಿಯಾ ಎಂದುಕೊಂಡೇ ಚಿಕಿತ್ಸೆ ನಡೆಯುತ್ತದೆ. ಬೆವರಿನ ಕ್ಲೋರೈಡ್ ಅಳೆಯುವ ಸರಳ ಪರೀಕ್ಷೆಯೊಂದಿದೆ. ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ರೋಗ ಇದೇ ಎಂಬ ಗುಮಾನಿ ಬಲವಾಗುತ್ತದೆ. ಈ ಮನೆಯಲ್ಲೂ ಆ ಪರೀಕ್ಷೆಗೆ ಕೊಟ್ಟ ಹಣಕ್ಕಿಂತ, ಅದು ಆಗುವ ಮುಂಚಿನ ತಿಂಗಳುಗಳಲ್ಲಿ ಕೆಮ್ಮಿನ ಸಿರಪ್ಪಿಗೂ ಎಕ್ಸ್‌ರೇಗೂ ಸುರಿದ ಹಣವೇ ಹೆಚ್ಚು. ಮಗು ಚೆನ್ನಾಗಿ ತಿಂದರೂ ಮೈ ಹಿಡಿಯುತ್ತಿಲ್ಲ, ಮಲ ಎಣ್ಣೆಯೆಣ್ಣೆಯಾಗಿ ನಾರುತ್ತದೆ, ಕೆಮ್ಮು ಬಿಡುತ್ತಿಲ್ಲ ಎಂದರೆ ಆ ಪರೀಕ್ಷೆಯ ಬಗ್ಗೆ ವೈದ್ಯರನ್ನು ಬಾಯಿಬಿಟ್ಟು ಕೇಳಬೇಕು. ಕೇಳುವುದಕ್ಕೆ ಸಂಕೋಚ ಬೇಡ.

ತಿಂಗಳ ಲೆಕ್ಕದ ಮೊದಲ ಸಾಲು, ಕರುಳಿಗೆ ಇಳಿಯದ ಜೀರ್ಣರಸದ ಬದಲಿಗೆ ಕೊಡುವ ಎನ್‌ಜೈಮ್ ಕ್ಯಾಪ್ಸೂಲಿನದು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ವೈದ್ಯರು ಸಾಮಾನ್ಯವಾಗಿ ಒಂದು ಊಟಕ್ಕೆ, ತೂಕದ ಪ್ರತಿ ಕಿಲೋಗೆ 1,000 ಯೂನಿಟ್ ಲೈಪೇಸ್ ಎಂಬ ಎನ್‌ಜೈಮಿನಿಂದ ಶುರು ಮಾಡುತ್ತಾರೆ. ಅದು 2,500 ಮೀರಬಾರದು. ಇಡೀ ದಿನದ್ದು ಕೂಡಿದರೆ ಕಿಲೋಗೆ 10,000 ದಾಟಬಾರದು. ಹತ್ತು ಕಿಲೋ ತೂಗುವ ಮಗುವಿಗೆ ಊಟಕ್ಕೊಂದು ಹತ್ತು ಸಾವಿರದ ಕ್ಯಾಪ್ಸೂಲು, ನಡುವಿನ ತಿಂಡಿಗೆ ಅರ್ಧ. ಮೂರು ಊಟ, ಎರಡು ತಿಂಡಿ ಎಂದರೆ ದಿನಕ್ಕೆ ನಾಲ್ಕು, ತಿಂಗಳಿಗೆ 120. ಒಂದೊಂದಕ್ಕೂ ಹತ್ತಾರು ರೂಪಾಯಿ. ಮಗುವಿನ ತೂಕ ಏರಿದಂತೆ ಈ ಬಿಲ್ಲೂ ಏರುತ್ತದೆ. ಅದು ಏರಲಿ ಎಂದೇ ಮನೆಯವರೆಲ್ಲ ಹಾರೈಸುತ್ತಾರೆ, ಏಕೆಂದರೆ ಈ ಕಾಯಿಲೆಯಲ್ಲಿ ಮೈತುಂಬಿಕೊಂಡ ಮಗುವಿನ ಶ್ವಾಸಕೋಶಕ್ಕೂ ಬಲ ಹೆಚ್ಚು.

ಕ್ಯಾಪ್ಸೂಲನ್ನು ನುಂಗಲಾರದ ವಯಸ್ಸು. ಹಾಗಾಗಿ ಅದನ್ನು ಬಿಡಿಸಿ, ಒಳಗಿನ ಸಣ್ಣ ಮಣಿಗಳನ್ನು ಒಂದು ಚಮಚ ಸೇಬಿನ ಮುದ್ದೆಯ ಮೇಲೆ ಉದುರಿಸಿ ಊಟದ ಮೊದಲ ತುತ್ತಾಗಿ ಕೊಡಬೇಕು. ಮಣಿಗಳನ್ನು ಅರೆಯುವಂತಿಲ್ಲ, ಹಾಲಿಗೆ ಬೆರೆಸುವಂತಿಲ್ಲ. ಬಾಯಲ್ಲಿ ಉಳಿದರೆ ಹುಣ್ಣಾಗುತ್ತದೆ. ಸೆಕೆಗೆ ಅವುಗಳ ಶಕ್ತಿ ಕುಂದುವುದರಿಂದ ಏಪ್ರಿಲ್ ತಿಂಗಳಲ್ಲಿ ಕಾರಿನೊಳಗೆ ಡಬ್ಬಿ ಬಿಟ್ಟುಬಂದರೆ ಆ ದುಡ್ಡು ಹೋದಂತೆಯೇ. ಒಂದು ತಿಂಗಳಿಗಾಗುವಷ್ಟು ದಾಸ್ತಾನು ಸದಾ ಮುಂಗಡವಾಗಿ ಇರಬೇಕು. ಮೆಡಿಕಲ್ ಸ್ಟೋರಿನವರು "ನಾಳೆ ಬರುತ್ತದೆ ಅಮ್ಮಾ" ಎನ್ನುವ ಔಷಧಗಳಲ್ಲಿ ಇದೂ ಒಂದು, ಆದರೆ ಮಗುವಿನ ಊಟ ನಾಳೆಗೆ ಕಾಯುವುದಿಲ್ಲ.

ಇಡೀ ಪಟ್ಟಿಯಲ್ಲಿ ಅತಿ ಅಗ್ಗದ ಔಷಧ ಅಡುಗೆಮನೆಯ ಉಪ್ಪು. ಬೇಸಿಗೆಯಲ್ಲಿ ಇಂಥ ಮಕ್ಕಳು ಬೆವರಿ ಬೆವರಿ ಉಪ್ಪು ಕಳೆದುಕೊಂಡು ಸುಸ್ತಾಗಿ ಆಸ್ಪತ್ರೆ ಸೇರುವುದುಂಟು. ಅಜ್ಜಿಗೆ ರಕ್ತದೊತ್ತಡ, ಅವಳ ಸಾರಿಗೆ ಉಪ್ಪು ಕಡಿಮೆ. ಮೊಮ್ಮಗನ ಅನ್ನಕ್ಕೆ ವೈದ್ಯರು ಹೇಳಿದಷ್ಟು ಹೆಚ್ಚುವರಿ ಉಪ್ಪು, ಮೇಲೆ ಧಾರಾಳವಾಗಿ ತುಪ್ಪ. ಓರಗೆಯ ಮಕ್ಕಳಿಗಿಂತ ಹೆಚ್ಚು ಕ್ಯಾಲೊರಿ ಅವನಿಗೆ ಬೇಕು. ಬೆಣ್ಣೆ, ಮೊಟ್ಟೆ, ಶೇಂಗಾ, ಬಾಳೆಹಣ್ಣಿನ ಖರ್ಚನ್ನು ಈ ಮನೆಯಲ್ಲಿ ದಿನಸಿಯ ಲೆಕ್ಕಕ್ಕೆ ಬರೆಯುವುದಿಲ್ಲ, ಔಷಧದ ಲೆಕ್ಕಕ್ಕೇ ಬರೆಯುತ್ತಾರೆ. ದಿನಸಿಗೆ ಬರೆದರೆ ಕೈ ಬಿಗಿಯಾದ ತಿಂಗಳಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಈ ಬಗೆಯ ಖರ್ಚಿಗೆ ಬೇಕಾದದ್ದು ಗಂಟಲ್ಲ, ವರಮಾನ. ಅಜ್ಜಿಯ 15 ಲಕ್ಷ ರೂಪಾಯಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿದೆ. 60 ದಾಟಿದವರು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ತೆರೆಯಬಹುದಾದ ಖಾತೆ ಇದು. 2023ರ ಬಜೆಟ್ಟಿನಲ್ಲಿ ಇದರ ಮಿತಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿತು. ಖಾತೆ ತೆರೆದಾಗ ಸಿಕ್ಕ ಶೇ 8.2ರ ಬಡ್ಡಿ ಐದು ವರ್ಷ ಬದಲಾಗುವುದಿಲ್ಲ. ಮೂರು ತಿಂಗಳಿಗೊಮ್ಮೆ 30,750 ರೂಪಾಯಿ ಕೈಗೆ ಬರುತ್ತದೆ: ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ. ಎನ್‌ಜೈಮ್ ಖರೀದಿಯನ್ನೂ ಇದೇ ನಾಲ್ಕು ತಿಂಗಳಿಗೆ ಹೊಂದಿಸಲಾಗಿದೆ. ನೆಂಟರು ಹೇಳಿದಂತೆ, ಒಂದು ವರ್ಷ ಕಳೆದು ಎರಡು ವರ್ಷ ತುಂಬುವ ಮುಂಚೆ ಈ ಖಾತೆ ಮುಚ್ಚಿದ್ದರೆ ಅಸಲಿನಲ್ಲೇ ಶೇ 1.5, ಎಂದರೆ 22,500 ರೂಪಾಯಿ ಕಡಿತವಾಗುತ್ತಿತ್ತು. ವರಮಾನವೂ ನಿಂತುಹೋಗುತ್ತಿತ್ತು.

ಅಜ್ಜಿ ಕೊಡುವ ದೊಡ್ಡ ಕಾಣಿಕೆ ಈ ಬಡ್ಡಿಯದಲ್ಲ, ಹೊತ್ತಿನದು. ಬೆಳಗ್ಗೆ ಉಪ್ಪುನೀರಿನ ಆವಿ, ಆಮೇಲೆ ಅಂಗೈ ಬೊಗಸೆ ಮಾಡಿ ಎದೆ ಬೆನ್ನು ತಟ್ಟಿ ಕಫ ಸಡಿಲಿಸುವುದು, ನೆಬ್ಯುಲೈಸರಿನ ಬಟ್ಟಲನ್ನು ತೊಳೆದು ಐದು ನಿಮಿಷ ಕುದಿಸಿ ಒಣಗಿಸುವುದು, ತುತ್ತಿನ ಹಿಂದೆ ತುತ್ತು, ಸಂಜೆ ಮತ್ತೆ ಅದೇ. ಮುಖಕ್ಕೆ ಮಾಸ್ಕ್ ಇಟ್ಟರೆ ಕಿತ್ತೆಸೆಯುವ ವಯಸ್ಸಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಡು ಹೇಳುತ್ತ ಇದನ್ನೆಲ್ಲ ಮಾಡಬೇಕು. ಪುಟ್ಟ ಮಕ್ಕಳಿಂದ ತುಂಬಿದ ಡೇಕೇರಿನಲ್ಲಿ ಇದು ನಡೆಯುವ ಮಾತಲ್ಲ. ಅಲ್ಲಿನ ನೆಗಡಿ ಈ ಮಗುವಿಗೆ ಎರಡು ವಾರದ ಆಸ್ಪತ್ರೆಯಾಗಬಹುದು. ಅಜ್ಜಿ ಇಲ್ಲದಿದ್ದರೆ ಮಗಳು ಕೆಲಸ ಬಿಡಬೇಕಿತ್ತು. ಕೆಲಸದ ಜೊತೆ ಸಂಬಳ ಹೋಗುತ್ತಿತ್ತು, ಸಂಬಳಕ್ಕಿಂತ ದೊಡ್ಡದಾದ ಇನ್ನೊಂದೂ ಹೋಗುತ್ತಿತ್ತು: ಕಂಪನಿಯ ಗುಂಪು ಆರೋಗ್ಯ ವಿಮೆ.

ಅದರ ಬೆಲೆ ಅರಿಯಬೇಕಾದರೆ ಹೊರಗಿನ ಮಾರುಕಟ್ಟೆ ನೋಡಬೇಕು. ಮಗಳ ಕಂಪನಿಯ ಪಾಲಿಸಿ ಮೊದಲ ದಿನದಿಂದಲೇ ಹಳೆಯ ಕಾಯಿಲೆಗಳನ್ನೂ ಒಳಗೊಳ್ಳುತ್ತದೆ. ಸ್ವಂತವಾಗಿ ಪಾಲಿಸಿ ಕೊಳ್ಳಹೊರಟರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ಪಾಲಿಸಿಯನ್ನೇ ನಿರಾಕರಿಸಲೂಬಹುದು. ಕೆಲಸ ಬಿಡಲೇಬೇಕಾದವರು ಗುಂಪು ವಿಮೆಯಲ್ಲಿರುವಾಗಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗ ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕು. ಆಗ ಕಳೆದ ಅವಧಿ ಲೆಕ್ಕಕ್ಕೆ ಬರುತ್ತದೆ.

ಒಮ್ಮೆ ಸೋಂಕು ಹೆಚ್ಚಾಗಿ ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಕೊಡಿಸಬೇಕಾಯಿತು. ವಿಮಾ ಕಂಪನಿ "ವಂಶವಾಹಿ ಕಾಯಿಲೆ" ಎಂಬ ಒಂದೇ ಸಾಲು ಬರೆದು ಕ್ಲೇಮು ತಿರಸ್ಕರಿಸಿತು. 2018ರಲ್ಲಿ ದೆಹಲಿ ಹೈಕೋರ್ಟ್ ಇಂಥ ಸಾರಾಸಗಟು ನಿರಾಕರಣೆ ಸಲ್ಲದೆಂದು ತೀರ್ಪು ಕೊಟ್ಟಿತ್ತು. ಅದೇ ವರ್ಷ ವಿಮಾ ನಿಯಂತ್ರಣ ಪ್ರಾಧಿಕಾರವೂ ವಂಶವಾಹಿ ಕಾಯಿಲೆ ಎಂಬ ಕಾರಣಕ್ಕೆ ಕ್ಲೇಮು ತಳ್ಳಿಹಾಕಬಾರದೆಂದು ಕಂಪನಿಗಳಿಗೆ ಸೂಚಿಸಿತ್ತು. ಅವೆರಡನ್ನೂ ಹೆಸರಿಸಿ ಬರೆದ ಒಂದು ಪುಟದ ದೂರಿಗೆ ಹಣ ಬಂತು. ಬಾರದಿದ್ದರೆ 30 ದಿನ ಕಾದು ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದಿತ್ತು. ಬೆಂಗಳೂರಿನಲ್ಲೇ ಅದು ಇದೆ, ಶುಲ್ಕವಿಲ್ಲ, ವಕೀಲರೂ ಬೇಡ. ಇನ್ನೊಂದು ಮಾತು: ಹೆಚ್ಚಿನ ಪಾಲಿಸಿಗಳು ಡಿಸ್ಚಾರ್ಜ್ ಆದ ಮೇಲೆ 60 ದಿನಗಳ ಔಷಧದ ಬಿಲ್ಲನ್ನೂ ಕೊಡುತ್ತವೆ. ದಿನನಿತ್ಯದ ಎನ್‌ಜೈಮು, ನೆಬ್ಯುಲೈಸರು, ಫಿಸಿಯೊಥೆರಪಿಗೆ ವಿಮೆಯಿಂದ ಕಾಸೂ ಸಿಗದ ಮನೆಯಲ್ಲಿ ಆ 60 ದಿನಗಳ ಚೀಟಿಗಳನ್ನು ಜೋಪಾನವಾಗಿಡುವುದು ಸಣ್ಣ ಕೆಲಸವಲ್ಲ.

ಆದಾಯ ತೆರಿಗೆಯ ಕಾನೂನಿಗೆ ಮಾತ್ರ ಅಜ್ಜಿ-ಮೊಮ್ಮಗನ ನಂಟು ಕಾಣುವುದಿಲ್ಲ. ಆರೋಗ್ಯ ವಿಮೆಯ ಕಂತಿಗಿರುವ ರಿಯಾಯಿತಿಯಾಗಲಿ, ಅವಲಂಬಿತರ ಚಿಕಿತ್ಸೆಗೆ ಇರುವ ರಿಯಾಯಿತಿಯಾಗಲಿ ಮೊಮ್ಮಕ್ಕಳ ಖರ್ಚಿಗೆ ಅಜ್ಜಿಗೆ ದಕ್ಕದು. ನಿರ್ದಿಷ್ಟ ಕಾಯಿಲೆಗಳಿಗೆಂದು ಇರುವ ಪಟ್ಟಿಯಲ್ಲಿ ಕ್ಯಾನ್ಸರ್, ಹಿಮೋಫಿಲಿಯಾ, ಥಲಸ್ಸೇಮಿಯಾಗಳಿವೆ. ಸಿಸ್ಟಿಕ್ ಫೈಬ್ರೋಸಿಸ್ ಇಲ್ಲ. ಇದು ಅನ್ಯಾಯವೆಂದೇ ಈಕೆಯ ಅಭಿಪ್ರಾಯ. ಇರುವ ದಾರಿ ಒಂದೇ: ಅಜ್ಜಿ ಹಣವನ್ನು ಮಗಳ ಖಾತೆಗೆ ಉಡುಗೊರೆಯಾಗಿ ವರ್ಗಾಯಿಸುತ್ತಾಳೆ. ಅದಕ್ಕೆ ಮಗಳು ತೆರಿಗೆ ಕಟ್ಟಬೇಕಿಲ್ಲ. ವಿಮೆಯ ಕಂತನ್ನು ಮಗಳೇ ತನ್ನ ಖಾತೆಯಿಂದ ಕಟ್ಟಿದರೆ, ಆಕೆ ಹಳೆಯ ತೆರಿಗೆ ಪದ್ಧತಿಯಲ್ಲಿದ್ದಲ್ಲಿ, ರಿಯಾಯಿತಿಯೂ ಆಕೆಗೆ ಸಿಗುತ್ತದೆ. ಸೊಸೆಯ ಹೆಸರಿಗೆ ಹೀಗೆ ಕೊಟ್ಟು ಆಕೆ ಅದನ್ನು ಠೇವಣಿ ಇಟ್ಟರೆ ಮಾತ್ರ ಬಡ್ಡಿಯ ಆದಾಯ ಕೊಟ್ಟವರ ಲೆಕ್ಕಕ್ಕೇ ಮರಳುತ್ತದೆ. ಗಂಡುಮಕ್ಕಳ ಮನೆಯಲ್ಲಿರುವ ಅಜ್ಜಿ ತಾತಂದಿರು ಇದನ್ನು ನೆನಪಿಡಬೇಕು.

ದೊಡ್ಡ ಔಷಧದ ವಿಷಯಕ್ಕೆ ಬರಲೇಬೇಕು. ಕೆಟ್ಟ ಪ್ರೋಟೀನನ್ನೇ ಸರಿದಾರಿಗೆ ತರುವ ಟ್ರೈಕಾಫ್ಟಾ ಎಂಬ ಮೂರು ಔಷಧಗಳ ಜೋಡಣೆಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಎರಡರಿಂದ ಐದು ವರ್ಷದ ಮಕ್ಕಳಿಗೆ 2023ರಲ್ಲಿ. ಅಲ್ಲಿ ಅದರ ಬೆಲೆ ವರ್ಷಕ್ಕೆ ಮೂರು ಲಕ್ಷ ಡಾಲರಿಗೂ ಹೆಚ್ಚು, ನಮ್ಮ ಲೆಕ್ಕದಲ್ಲಿ ಎರಡೂವರೆ ಕೋಟಿ ರೂಪಾಯಿಗೂ ಮೇಲೆ. ಮಗುವಿನ ವಂಶವಾಹಿ ದೋಷ ಆ ಔಷಧಕ್ಕೆ ಒಗ್ಗುವಂಥದ್ದಾಗಿರಬೇಕು, ಎಲ್ಲರದೂ ಹಾಗಿರುವುದಿಲ್ಲ. ಯೂರೋಪು ಮೂಲದವರಲ್ಲಿ ಸರ್ವೇಸಾಮಾನ್ಯವಾದ ದೋಷ ಭಾರತದ ರೋಗಿಗಳಲ್ಲಿ ಅಷ್ಟು ಸಾಮಾನ್ಯವಲ್ಲ. ಮನೆ, ಒಡವೆ, ಠೇವಣಿ ಎಲ್ಲ ಮಾರಿದರೂ ಇಂಥ ಮನೆಗಳಿಗೆ ಅದು ಕೆಲವು ತಿಂಗಳು ಬರುತ್ತದೆ. ಆಮೇಲೆ ಆ ಔಷಧವೂ ಇಲ್ಲ, ಎನ್‌ಜೈಮಿಗೆ ಬರುತ್ತಿದ್ದ ಬಡ್ಡಿಯೂ ಇಲ್ಲ. ಬೆಲೆ ಇಳಿಸಲು ಹೋರಾಡಬೇಕಾದದ್ದು ಸರ್ಕಾರಗಳ ಮಟ್ಟದಲ್ಲಿ. 2023ರಲ್ಲಿ ಭಾರತ, ದಕ್ಷಿಣ ಆಫ್ರಿಕ, ಬ್ರೆಜಿಲ್, ಉಕ್ರೇನ್‌ಗಳ ರೋಗಿಗಳೂ ಕುಟುಂಬಗಳೂ ಪೇಟೆಂಟ್ ಪ್ರಶ್ನಿಸಿ ಕಾನೂನಿನ ದಾರಿ ಹಿಡಿದದ್ದು ಅದಕ್ಕಾಗಿಯೇ, ಮತ್ತು ಅವರು ಮಾಡಿದ್ದು ಸರಿ.

ಕೇಂದ್ರದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಎರಡು ಕಡೆ ಬರುತ್ತದೆ: ಕಫ ತೆಳುವಾಗಿಸುವ ಡಾರ್ನೇಸ್ ಒಂದು ಕಡೆ, ಪ್ರೋಟೀನು ಸರಿಪಡಿಸುವ ಹೊಸ ಔಷಧಗಳು ಇನ್ನೊಂದು ಕಡೆ. 2022ರಿಂದ ಒಬ್ಬ ರೋಗಿಗೆ 50 ಲಕ್ಷ ರೂಪಾಯಿಯವರೆಗೆ ನೆರವು ಸಾಧ್ಯ. ಅದು ಸಿಗುವುದು ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ. ಕರ್ನಾಟಕದಲ್ಲಿ ಅಂಥದ್ದು ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೂಡಿರುವ ಮಾನವ ತಳಿವಿಜ್ಞಾನ ಕೇಂದ್ರ. ಸೇರುವಾಗ ವಂಶವಾಹಿ ವರದಿ, ಬೆವರಿನ ಪರೀಕ್ಷೆಯ ವರದಿ ಕೈಯಲ್ಲಿರಬೇಕು. ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಸ್ವಂತ ಬಳಕೆಗೆಂದು ಔಷಧ ತರಿಸಿದರೆ 2023ರ ಏಪ್ರಿಲ್‌ನಿಂದ ಮೂಲ ಸುಂಕವಿಲ್ಲ. ಜಿಲ್ಲಾ ವೈದ್ಯಾಧಿಕಾರಿಯಂಥವರ ಪ್ರಮಾಣಪತ್ರ ಬೇಕು.

ತಂದೆ ತಾಯಿ ಇಬ್ಬರೂ ದೋಷದ ಒಂದೊಂದು ಪ್ರತಿ ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಈ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು ಇರುತ್ತದೆ. ಸೋದರಮಾವ, ಅತ್ತೆಮಗ ಎಂದು ಒಳಗೊಳಗೇ ಕೊಟ್ಟು ತಂದುಕೊಳ್ಳುವ ನಮ್ಮ ಮನೆತನಗಳಲ್ಲಿ ಇಬ್ಬರಲ್ಲೂ ಒಂದೇ ದೋಷವಿರುವ ಸಂಭವ ಹೆಚ್ಚು. ಕಿರಿಯ ಮಗಳಿಗೆ ಮದುವೆಯ ಮಾತು ನಡೆಯುತ್ತಿದೆ, ಅವಳ ವಂಶವಾಹಿ ಪರೀಕ್ಷೆಯ ಖರ್ಚನ್ನು ಅಜ್ಜಿಯೇ ಕೊಟ್ಟಳು. ಯಾರ ಕಡೆಯಿಂದ ಬಂತು ಎಂಬ ಮಾತನ್ನು ಈ ಮನೆಯಲ್ಲಿ ಯಾರೂ ಎತ್ತಕೂಡದೆಂದು ಆಕೆ ಖಡಾಖಂಡಿತವಾಗಿ ಹೇಳಿದ್ದಾಳೆ.

ಉಳಿದದ್ದು ಅಜ್ಜಿಯ ಸ್ವಂತ ಲೆಕ್ಕ. ಅವಳಿಗೂ ಮಂಡಿ ನೋವಿದೆ, ಅವಳೂ ಒಂದು ದಿನ ಮಲಗಬಹುದು. ಅವಳ ಉಳಿತಾಯ ಕರಗಿದ್ದರೆ ಆಗ ಮಗಳು ಇಬ್ಬರ ಆಸ್ಪತ್ರೆ ಬಿಲ್ಲು ಹೊರಬೇಕಾಗುತ್ತಿತ್ತು. ಅಜ್ಜಿಯ ವಿಮೆ ಬೇರೆಯೇ ಇದೆ. ಉಯಿಲು ಬರೆದಾಗಿದೆ: ಶಿವಮೊಗ್ಗದ ಮನೆ ಮಗಳಿಗೆ, ಬಾಡಿಗೆ ಮೊಮ್ಮಗನ ಚಿಕಿತ್ಸೆಗೆ ಎಂದು. ಅಪ್ರಾಪ್ತ ಮಗುವಿನ ಕಾನೂನುಬದ್ಧ ಪೋಷಕರು ತಂದೆ ತಾಯಿಯೇ ಹೊರತು ಅಜ್ಜಿಯಲ್ಲ. ಆದ್ದರಿಂದ ಅವರಿಬ್ಬರೂ ಕೆಲಸದಲ್ಲಿರುವಾಗ ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಕೊಡಲು ಇಬ್ಬರ ಸಹಿಯ ಒಪ್ಪಿಗೆ ಪತ್ರ, ಔಷಧದ ಪಟ್ಟಿಯ ಜೊತೆ ಒಂದೇ ಫೈಲಿನಲ್ಲಿದೆ.

ಅಜ್ಜಿ ಮಲಗುವ ದಿನ ಬಂದರೂ ಕೆಲಸ ನಿಲ್ಲಬಾರದಲ್ಲ; ಎನ್‌ಜೈಮಿನ ತುತ್ತು, ಬಟ್ಟಲು ಕುದಿಸುವುದು, ಬೆನ್ನು ತಟ್ಟುವುದನ್ನು ಕಲಿಯಲೆಂದು ವಾರದಲ್ಲಿ ಎರಡು ದಿನ ಪಕ್ಕದ ಬೀದಿಯ ಒಬ್ಬ ಹೆಂಗಸನ್ನು ಗೊತ್ತುಮಾಡಲಾಗಿದೆ. ಮಗುವಿಗೆ ಅವಳ ಕೈ ಈಗ ಒಗ್ಗಿದೆ. ಅವಳ ಸಂಬಳ ಶಿವಮೊಗ್ಗದ ಬಾಡಿಗೆಯಿಂದ ಹೋಗುತ್ತದೆ. ಜನವರಿಯಿಂದ ಅದನ್ನು ಇನ್ನೊಂದು ಐನೂರು ರೂಪಾಯಿ ಏರಿಸಬೇಕೆಂದು, ದಿನಗಳನ್ನು ಮೂರಕ್ಕೆ ಹೆಚ್ಚಿಸಬೇಕೆಂದು ಅಮ್ಮ-ಮಗಳು ಮಾತಾಡಿಕೊಂಡಿದ್ದಾರೆ.